ಎಲ್ಲಿ ಕೂತರೆ ಕೇಳುತ್ತದೆ

ಮದುವೆ ಮನೆಗೆ ಕಾಲಿಟ್ಟ ಕೂಡಲೇ ಯಾರ ಕಣ್ಣು ಎತ್ತ ಹೋಗುತ್ತದೆ ಎನ್ನುವುದು ಅವರವರ ಸ್ವಭಾವಕ್ಕೆ ಬಿಟ್ಟದ್ದು. ನಮ್ಮ ಓರಗಿತ್ತಿ ಮೊದಲು ಹೆಣ್ಣಿನ ಸೀರೆ ನೋಡುತ್ತಾಳೆ. ನಮ್ಮ ಭಾವನವರು ಊಟದ ಮನೆಯ ಬಾಗಿಲು ಯಾವ ಕಡೆ ಇದೆ ಎಂದು ನೋಡಿಟ್ಟುಕೊಂಡು, ಆಮೇಲೆ ನೆಂಟರನ್ನು ಮಾತಾಡಿಸುತ್ತಾರೆ. ನಾನು ಸ್ಪೀಕರ್ ಡಬ್ಬಗಳನ್ನು ಹುಡುಕುತ್ತೇನೆ. ಅವು ಯಾವ ಕಡೆಗೆ ಮುಖ ಮಾಡಿವೆ, ಓಲಗದವರು ಎಲ್ಲಿ ಕೂತಿದ್ದಾರೆ, ತಲೆಯ ಮೇಲಿನ ಫ್ಯಾನು ಗರಗರ ಅನ್ನುತ್ತದೆಯೋ ಇಲ್ಲವೋ ಎಂದೆಲ್ಲ ನೋಡಿದ ಮೇಲೇ ನನಗೆ ಕೂರಲು ಮನಸ್ಸು ಬರುವುದು. ಮೊನ್ನೆ ಚನ್ನಪಟ್ಟಣದ ಒಂದು ಛತ್ರದಲ್ಲಿ ಹೀಗೆಯೇ ಎರಡು ಕುರ್ಚಿಗಳನ್ನು ಒಂದು ಕಂಬದ ಬದಿಯಿಂದ ಇನ್ನೊಂದು ಕಂಬದ ಬದಿಗೆ ಎಳೆದಾಡುತ್ತಿದ್ದೆ. ಓರಗಿತ್ತಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಏನಕ್ಕ, ಮದ್ವೆಗೆ ಬಂದಿದ್ದೀಯೋ, ಇಲ್ಲ ಶಾಮಿಯಾನದ ಕಂಟ್ರಾಕ್ಟ್ ತಕ್ಕಂಡಿದ್ದೀಯೋ?" ಅಂದಳು. ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಕುರ್ಚಿಯನ್ನು ಮಾತ್ರ ನನಗೆ ಬೇಕಾದ ಕಡೆಗೇ ಎಳೆದುಕೊಂಡೆ.

ಈ ಗೀಳು ಹತ್ತಿಸಿದ್ದು ಬೆಂಗಳೂರು. ಬೆಂಗಳೂರು ಎಂದರೆ ತಪ್ಪಾಗುತ್ತದೆ, ನಮ್ಮನೆಯವರ ಕಿವಿ ಎನ್ನಬೇಕು.

ನಮ್ಮನೆಯವರು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ರಾಮನಗರದ ಗ್ರಂಥಾಲಯವೊಂದರಲ್ಲಿ ಕೆಲಸಕ್ಕಿದ್ದೇನೆ. ಮನೆ ಚನ್ನಪಟ್ಟಣದಲ್ಲಿ. ಅವರ ಪಾಳಿ ಬದಲಾದಂತೆಲ್ಲ ನಾವು ಒಬ್ಬರ ಮುಖ ಒಬ್ಬರು ನೋಡುವ ಹೊತ್ತೂ ಬದಲಾಗುತ್ತಿತ್ತು. ಕೆಲವು ವಾರ ನಮ್ಮ ಸಂಸಾರ ಬಾಗಿಲ ಬೀಗದ ಕೈ ಕೊಡುವ ತೆಗೆದುಕೊಳ್ಳುವ ವ್ಯವಹಾರದಲ್ಲೇ ಮುಗಿದುಹೋಗುತ್ತಿತ್ತು. ಅದಕ್ಕೇ ಅವರ ಕಿವಿ ಮಂದವಾಗುತ್ತಿರುವುದು ನನಗೆ ತಿಳಿಯಲೇ ಇಲ್ಲ. ಕಂಡುಹಿಡಿದವಳು ಮಗಳು ಸಹನಾ. ಅವಳು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ರಜಕ್ಕೆ ಬಂದವಳು ಎರಡು ದಿನ ಅಪ್ಪನನ್ನು ನೋಡಿ, "ಅಪ್ಪ ನನ್ ಬಾಯಿ ನೋಡ್ತಾ ಮಾತಾಡ್ತದೆ ಕಣಮ್ಮ. ನಾನು ಹಿಂದ್ಗಡೆ ನಿಂತು ಕರುದ್ರೆ ತಿರುಗಿ ನೋಡಲ್ಲ" ಅಂದಳು.

ಡಾಕ್ಟರು ಅವರನ್ನು ಒಂದು ಪುಟ್ಟ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನಾನು ಹೊರಗಿನಿಂದ ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಮೊದಮೊದಲು ಬೇಗ ಬೇಗ ಆಡಿದ ಹೆಬ್ಬೆರಳು ಬರಬರುತ್ತ ಸುಮ್ಮನಾಯಿತು. ಒಳಗೆ ಅವರ ಮುಖದಲ್ಲಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಇನ್ನೂ ಸಿಗದ ಹುಡುಗನ ಕಳೆ. ಆಮೇಲೆ ಡಾಕ್ಟರು ಒಂದು ಗೆರೆ ತೋರಿಸಿದರು. ಅದು ನಮ್ಮ ರಾಮದೇವರ ಬೆಟ್ಟದ ಹಾಗೆ ಒಂದು ಕಡೆ ಮಟ್ಟಸವಾಗಿ ಹೋಗಿ, ಇನ್ನೊಂದು ಕಡೆ ದಢಾರನೆ ಇಳಿದಿತ್ತು. ದಪ್ಪ ದನಿಗಳು ಕೇಳುತ್ತವೆ, ಸಣ್ಣ ದನಿಗಳು ಹೋಗಿವೆ, ಎಡಗಿವಿ ಪರವಾಗಿಲ್ಲ, ಬಲಗಿವಿ ಹೆಚ್ಚು ಹೋಗಿದೆ ಎಂದರು. ಬೈರಾಪಟ್ಟಣದಲ್ಲಿದ್ದ ನಮ್ಮತ್ತೆಗೂ ಇದೇ ವಯಸ್ಸಿಗೆ ಕಿವುಡು ಬಂದಿತ್ತು ಎಂದಾಗ ಡಾಕ್ಟರು ತಲೆಯಾಡಿಸಿ, ಹಾಗಿದ್ದರೆ ಇದು ಇನ್ನೂ ಇಳಿಯುತ್ತದೆ, ಎಷ್ಟು ಬೇಗ ಎಂದು ಹೇಳಲಾಗದು ಅಂದರು. ಮಾತು ಕೇಳಲು ಯಂತ್ರ ಹಾಕಬಹುದು. ಸಂಗೀತ ಮಾತ್ರ ಅದರಲ್ಲಿ ಮೊದಲಿನ ಹಾಗೆ ಕೇಳುವುದಿಲ್ಲವಂತೆ.

ನಾವು ಸಂಗೀತದ ಮಾತನ್ನೇ ಎತ್ತಿರಲಿಲ್ಲ. ಡಾಕ್ಟರು ತಾವಾಗಿ ಹೇಳಿದರು. ಆದರೆ ನಮ್ಮನೆಯವರ ಮನಸ್ಸಿನಲ್ಲಿ ನಿಂತದ್ದು ಅದೊಂದೇ ಮಾತು. ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕುಡಿಯುತ್ತ, "ಕಿವಿ ಇರೋವಾಗ್ಲೇ ಒಸಿ ಕೇಳ್ಕಂಬುಡಾನ ಕಣಮ್ಮಿ. ರೇಡಿಯೋನಲ್ಲಿ, ಫೋನ್‌ನಲ್ಲಿ ಕೇಳಿದ್ದಲ್ಲ. ಎದುರ್ಗೆ ಕೂತ್ಕಂಡು" ಅಂದರು.

ಹಾಗೆ ಶುರುವಾಯಿತು ನಮ್ಮ ಭಾನುವಾರದ ತಿರುಗಾಟ. ಅವರಿಗೆ ಪಾಳಿ ಇಲ್ಲದ ಭಾನುವಾರ ಚನ್ನಪಟ್ಟಣದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು, ಎಲ್ಲಾದರೂ ಒಂದು ಕಡೆ ಕೂತು ಹಾಡು ಕೇಳುವುದು, ಕತ್ತಲಾಗುವುದರೊಳಗೆ ವಾಪಸು ರೈಲು ಹತ್ತುವುದು. ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಇಷ್ಟು ದೊಡ್ಡದಾಗಬಹುದು ಎಂದು ನಾವು ಎಣಿಸಿರಲಿಲ್ಲ. ಆ ಊರಿನಲ್ಲಿ ಒಂದೇ ದಿನ ಒಂದು ಬೀದಿಯಲ್ಲಿ ಕಚೇರಿ, ಇನ್ನೊಂದು ಬೀದಿಯಲ್ಲಿ ಗಜಲ್, ಮತ್ತೊಂದರಲ್ಲಿ ಪಬ್ಬಿನ ಬ್ಯಾಂಡು. ಸಹನಾ ಮೈಸೂರಿನಿಂದ ಫೋನಿಗೆ ಒಂದರ ಮೇಲೊಂದು ಕಳಿಸುತ್ತಿದ್ದಳು. ನಾವು ಅಡುಗೆಮನೆಯಲ್ಲಿ ಎದುರುಬದುರು ಕೂತು ದನಿ ಎತ್ತಿ ಜಗಳವಾಡುತ್ತಿದ್ದೆವು.

ಜಗಳಕ್ಕೆ ಕಾರಣ ನಮ್ಮ ನಮ್ಮ ಬಾಲ್ಯ. ನಾನು ಮಾಗಡಿ ಕಡೆಯವಳು, ಕಲ್ಯದವಳು. ಹೈಸ್ಕೂಲಿಗೆಂದು ಮಾಗಡಿಗೆ ಹೋಗುತ್ತಿದ್ದಾಗ ಅಲ್ಲಿ ಒಬ್ಬ ಮೇಡಂ ತಮ್ಮ ಮನೆಯ ಜಗುಲಿಯಲ್ಲಿ ನಾಲ್ಕಾರು ಹುಡುಗಿಯರಿಗೆ ಸಂಗೀತ ಹೇಳಿಕೊಡುತ್ತಿದ್ದರು. ಸರಳೆ, ಜಂಟಿ ಮುಗಿದು ಗೀತೆಗೆ ಬರುವಷ್ಟರಲ್ಲಿ ಅವರ ಯಜಮಾನರಿಗೆ ವರ್ಗವಾಯಿತು. ನನ್ನ ಸಂಗೀತ ಅಲ್ಲಿಗೇ ನಿಂತಿತು. ಆದರೆ ಆ ಒಂದೂವರೆ ವರ್ಷ ನಾನು ಮನೆಯಲ್ಲಿ ಹಾಡದ ಜಾಗವಿಲ್ಲ. ಕೊಟ್ಟಿಗೆಯಲ್ಲಿ ಹಾಡಿ ನೋಡಿದೆ, ಎಮ್ಮೆ ಹಾಲು ಎಳೆದುಕೊಂಡಿತು ಎಂದು ಅಮ್ಮ ಓಡಿಸಿದಳು. ಕೊನೆಗೆ ರಾಗಿ ತುಂಬುವ ಮಣ್ಣಿನ ವಾಡೆ ಖಾಲಿಯಾಗಿದ್ದಾಗ ಅದರೊಳಕ್ಕೆ ತಲೆ ತೂರಿಸಿ ಹಾಡಿದೆ. ಆಹಾ, ನನ್ನ ದನಿಯೇ ನನಗೆ ಸುತ್ತಲಿನಿಂದ ಬಂದು ಅಪ್ಪಿಕೊಂಡ ಹಾಗಾಯಿತು. ಅಜ್ಜಿ ಬಂದು ವಾಡೆಯೊಳಗೆ ಯಾರೋ ಬಿದ್ದಿದ್ದಾರೆ ಎಂದು ಕೂಗಿಕೊಂಡಳು. ತಲೆಯ ತುಂಬ ರಾಗಿ ಹೊಟ್ಟು ಮೆತ್ತಿಕೊಂಡು ನಾನು ಮೇಲೆದ್ದೆ.

ಅವರದ್ದು ಬೇರೆಯೇ ಕತೆ. ಬೈರಾಪಟ್ಟಣದ ಸುತ್ತಮುತ್ತ ಎಲ್ಲಿ ಗಣೇಶನ ಆರ್ಕೆಸ್ಟ್ರಾ ಇದ್ದರೂ ಗೆಳೆಯರ ಜೊತೆ ಸೈಕಲ್ ತುಳಿದು ಹೋಗಿ, ಸ್ಪೀಕರ್ ಡಬ್ಬದ ಮುಂದೆಯೇ ನಿಲ್ಲುತ್ತಿದ್ದವರು. ಹಾಡೆಂದರೆ ಅಂಗಿ ಅದುರಬೇಕು ಎನ್ನುವುದು ಅವರ ಸಿದ್ಧಾಂತ. ಕಾಲು ಮಡಿಸಿ ಕೂತು, ತಲೆ ಆಡಿಸುತ್ತ ಕೇಳುವ ಸಂಗೀತ ಅವರಿಗೆ ಶ್ರಾದ್ಧದ ಊಟವಿದ್ದ ಹಾಗೆ. ಮರ್ಯಾದೆಗೆ ಹೋಗಬೇಕು, ರುಚಿ ಕೇಳಬಾರದು.

ಕಿವಿ ಅವರದ್ದು ಎಂದು ಮೊದಲ ಭಾನುವಾರದ ಆಯ್ಕೆಯನ್ನು ಅವರಿಗೇ ಬಿಟ್ಟೆ. ಇಂದಿರಾನಗರದ ಪಬ್ಬೊಂದರಲ್ಲಿ ಮಧ್ಯಾಹ್ನ ಒಂದು ಬ್ಯಾಂಡು ಹಳೆಯ ಕನ್ನಡ ಸಿನಿಮಾ ಹಾಡುಗಳನ್ನು ಹೊಸ ರೀತಿಯಲ್ಲಿ ಹಾಡುವುದಿತ್ತು. ಸಂಗೀತ ಕೇಳಲು ಹೋಗುವುದಲ್ಲವೇ ಎಂದು ನಾನು ರೇಷ್ಮೆ ಸೀರೆ ಉಟ್ಟುಕೊಂಡೆ, ಮಲ್ಲಿಗೆಯನ್ನೂ ಮುಡಿದೆ. ಬಾಗಿಲಲ್ಲಿ ನಿಂತಿದ್ದವನು ನಮ್ಮನ್ನು ನೋಡಿ, ಮೇಲಿನ ಮಹಡಿಯಲ್ಲಿ ನಾಮಕರಣವೇನಾದರೂ ಇದೆಯೇ ಎಂದು ಒಂದು ಕ್ಷಣ ಯೋಚಿಸಿದನೆಂದು ಕಾಣುತ್ತದೆ. ಆಮೇಲೆ ನಮ್ಮ ಮಣಿಕಟ್ಟಿಗೆ ಒಂದೊಂದು ಕಾಗದದ ಪಟ್ಟಿ ಅಂಟಿಸಿದ. ಆಸ್ಪತ್ರೆಗೆ ಅಡ್ಮಿಟ್ ಮಾಡಿಕೊಂಡಂಗಾಯ್ತು ಎಂದು ನಮ್ಮನೆಯವರು ಗೊಣಗಿದರು. ಒಳಗಿದ್ದ ಹುಡುಗ ಹುಡುಗಿಯರು ಮಾತ್ರ ಒಳ್ಳೆಯವರು. ಎದ್ದು ಮುಂದಿನ ಮೇಜನ್ನು ನಮಗೆ ಬಿಟ್ಟುಕೊಟ್ಟರು. ನಾವು ನಿಂಬೆ ಶರಬತ್ತು ತರಿಸಿಕೊಂಡು ಕೂತೆವು.

ಹಾಡು ಶುರುವಾದಾಗ ಅವರ ಮುಖ ಅರಳಿತು. ಕುರ್ಚಿ ಅದುರುತ್ತಿತ್ತು, ಲೋಟದ ನೀರು ಕುಣಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅವರು ಕಣ್ಣು ಬಿಗಿಯಾಗಿ ಮುಚ್ಚಿದ್ದಾರೆ. ಆನಂದವಾಗಿದೆ ಎಂದುಕೊಂಡೆ. ಅಷ್ಟರಲ್ಲಿ ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಎದ್ದು ಹೊರಗೆ ಹೋಗಿಬಿಟ್ಟರು. ನಾನು ಸೀರೆ ಎತ್ತಿಕೊಂಡು ಹಿಂದೆಯೇ ಓಡಿದೆ. ಪಬ್ಬಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಮೆಲ್ಲನೆಯ ಸದ್ದು ಕೇಳುವುದಿಲ್ಲ, ಜೋರು ಸದ್ದು ಮೊಳೆ ಹೊಡೆದ ಹಾಗೆ ನೋಯುತ್ತದೆ. ಹಾಳಾಗುತ್ತಿರುವ ಕಿವಿಯ ಗುಣವೇ ಹಾಗೆ ಎಂದು ಆಮೇಲೆ ಡಾಕ್ಟರಿಂದ ತಿಳಿಯಿತು. ಅವತ್ತು ನಮಗೆ ಅದು ಗೊತ್ತಿರಲಿಲ್ಲ. "ಕೇಳಂಗೂ ಇಲ್ಲ, ತಡ್ಕಳಂಗೂ ಇಲ್ಲ" ಎಂದಷ್ಟೇ ಹೇಳಿದರು. ಹಿಂದಿನ ವಾರವೆಲ್ಲ, ಆ ಗಲಾಟೆ ನಿಮಗೆ ಆಗುವುದಿಲ್ಲ ನೋಡಿ ಎಂದು ಸವಾಲು ಹಾಕಿದ್ದವಳು ನಾನು. ಗೆದ್ದ ಖುಷಿ ಒಂದು ಚೂರೂ ಆಗಲಿಲ್ಲ. ಪಕ್ಕದಲ್ಲಿ ಕೂತೆ. ಒಳಗಿನ ಹಾಡು ಗೋಡೆ ದಾಟಿ ಹಿತವಾಗಿಯೇ ಬರುತ್ತಿತ್ತು. ಅದು ನನಗೆ ಮಾತ್ರ ಕೇಳುತ್ತಿತ್ತು.

ಮುಂದಿನ ಸಲ ನನ್ನ ಸರದಿ. ಬಸವನಗುಡಿಯ ಒಂದು ಸಭೆಯಲ್ಲಿ ಹೆಸರಾಂತ ಗಾಯಕಿಯ ಕಚೇರಿ. ಎಡಗಿವಿ ವೇದಿಕೆಯ ಕಡೆಗಿರಲಿ ಎಂದು ಅವರನ್ನು ಸಭಾಂಗಣದ ಬಲಬದಿಯಲ್ಲಿ ಕೂರಿಸಿದೆ. ಕುರ್ಚಿ ಲೆಕ್ಕಾಚಾರಕ್ಕೆ ನಾನು ಕೈಹಾಕಿದ್ದು ಅದೇ ಮೊದಲು. ಆಕೆ ಎಷ್ಟು ಚೆನ್ನಾಗಿ ಹಾಡಿದರೆಂದರೆ, ನಾನು ಪಕ್ಕದಲ್ಲಿದ್ದ ಗಂಡನನ್ನು ಮರೆತೇಬಿಟ್ಟೆ. ಕಚೇರಿ ಮುಗಿದ ಮೇಲೆ ಹೇಗಿತ್ತು ಎಂದು ಕೇಳಿದರೆ ಅವರು ಚೆನ್ನಾಗಿತ್ತು ಅಂದರು. ರೈಲಿನಲ್ಲಿ ಕೂತು ಕೆಂಗೇರಿ ದಾಟಿದ ಮೇಲೆ ನಿಜ ಹೊರಗೆ ಬಂತು.

"ಆವಮ್ಮನ ಬಾಯಿ ಆಡ್ತಿತ್ತು ಕಣಮ್ಮಿ. ಪಿಟೀಲೋನ ಕೈ ಆಡ್ತಿತ್ತು. ನಂಗೆ ಮಾತ್ರ ಮೃದಂಗದೋನೊಬ್ನೇ ಕಚೇರಿ ಮಾಡ್ದಂಗಿತ್ತು."

ನಾನು ನಕ್ಕುಬಿಟ್ಟೆ. ನಗು ಅರ್ಧಕ್ಕೇ ನಿಂತಿತು. ಏನೋ ಹೊಳೆದು, ಕಿಟಕಿಯ ಕಡೆ ಮುಖ ಮಾಡಿಕೊಂಡು, ಮನೆಯಲ್ಲಿ ಮಾತಾಡುವ ನನ್ನ ಎಂದಿನ ದನಿಯಲ್ಲೇ, ನಾಳೆ ಹಾಲಿನವನಿಗೆ ಬೇಡ ಎನ್ನಬೇಕು ಎಂದೆ. ಅವರು "ಹ್ಞೂಂ" ಅಂದರು. ಮತ್ತೆ ಅದೇ ದನಿಯಲ್ಲಿ, ನಾಳೆ ನಾನು ಕಾಶಿಗೆ ಹೋಗುತ್ತೇನೆ ಎಂದೆ. "ಹ್ಞೂಂ" ಅಂದರು.

ಗ್ರಂಥಾಲಯದಲ್ಲಿ ಕೆಲಸ ಮಾಡಿ ಮಾಡಿ ನನ್ನ ದನಿ ಮೊದಲೇ ಮೆದು, ಅದರ ಮೇಲೆ ಸಣ್ಣ. ಡಾಕ್ಟರು ತೋರಿಸಿದ ಗೆರೆ ಎಲ್ಲಿ ದಢಾರನೆ ಇಳಿದಿತ್ತೋ ಅಲ್ಲೇ ನನ್ನ ದನಿ ಇತ್ತು. ಎದುರು ಸೀಟಿನಲ್ಲಿ ಮಂಡ್ಯಕ್ಕೆ ಹೋಗುವ ಇಬ್ಬರು ಹಿರಿಯರು ಬೆಲ್ಲದ ಗಾಣದ ವಿಷಯ ಮಾತಾಡುತ್ತಿದ್ದರು. ಅದನ್ನು ನಮ್ಮನೆಯವರು ಸರಿಯಾಗಿಯೇ ಕೇಳಿಸಿಕೊಂಡು ನಡುನಡುವೆ ತಲೆಯಾಡಿಸುತ್ತಿದ್ದರು. ಹೊರಗಿನವರ ಮಾತೆಲ್ಲ ಕೇಳುವ ಮನುಷ್ಯನಿಗೆ ಹೆಂಡತಿಯ ಮಾತು ಕೇಳದೆ ಎಷ್ಟು ಕಾಲವಾಗಿತ್ತೋ. ಅವರ ತೋಳು ತಟ್ಟಿ, ಮುಖದ ಎದುರು ಮುಖ ಇಟ್ಟು ಅದನ್ನು ಹೇಳಿದೆ. ಅವರ ಮುಖ ಸಣ್ಣದಾಯಿತು. ಕೇಳದೆ ಇದ್ದಾಗ ಮತ್ತೆ ಮತ್ತೆ ಏನು ಎನ್ನಲು ನಾಚಿಕೆಯಾಗಿ ಹ್ಞೂಂ ಎನ್ನುವುದು ರೂಢಿಯಾಯಿತು ಎಂದರು. ಆಮೇಲೆ ಕೇಳಿದರು, "ನಾನು ಹ್ಞೂಂ ಅಂದ್ಬುಟ್ಟ ಮಾತ್ನಲ್ಲಿ ಮುಖ್ಯವಾದ್ದು ಏನಾರ ಇತ್ತಾ?"

ಇತ್ತು. ಸಹನಾ ಹಾಸ್ಟೆಲಿಗೆ ಹೋದ ವರ್ಷ ಒಂದು ದಿನ, ಅವರು ಊಟ ಮಾಡುವಾಗ, ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೇಳಿದ್ದೆ. ಮತ್ತೆ ಸಂಗೀತ ಕಲಿಯಬೇಕು ಅಂತಿದೆ, ಈ ವಯಸ್ಸಿನಲ್ಲಿ ಜನ ನಗುತ್ತಾರೇನೋ, ನೀವೇನು ಹೇಳುತ್ತೀರಿ ಎಂದು. ಅವರು ತಟ್ಟೆಯಿಂದ ತಲೆ ಎತ್ತದೆ ಹ್ಞೂಂ ಅಂದಿದ್ದರು. ಅದು ಕಲಿ ಎನ್ನುವ ಹ್ಞೂಂ ಅಲ್ಲ, ಜನ ನಗುತ್ತಾರೆ ಎನ್ನುವ ಹ್ಞೂಂ ಎಂದು ನಾನು ಅರ್ಥ ಮಾಡಿಕೊಂಡೆ. ಮತ್ತೆ ಆ ಮಾತೆತ್ತಲಿಲ್ಲ. ಅಷ್ಟೇ ಅಲ್ಲ, ಆವತ್ತಿನಿಂದ ಅವರಿಗೆ ಮಾತು ಹೇಳುವುದನ್ನೇ ಕಡಿಮೆ ಮಾಡಿದ್ದೆ.

ರೈಲು ಬಿಡದಿಯಲ್ಲಿ ನಿಂತಿತ್ತು. ಆ ಹಿರಿಯರಿಬ್ಬರೂ ಮಾತು ನಿಲ್ಲಿಸಿ ಕೇಳುತ್ತಿದ್ದಾರೆ ಎಂದು ಗೊತ್ತಿದ್ದರೂ ನಾನು ದನಿಯನ್ನು ದಪ್ಪ ಮಾಡಿಕೊಂಡು ಅದನ್ನೆಲ್ಲ ಇನ್ನೊಂದು ಸಲ ಹೇಳಿದೆ.

"ನಂಗೆ ಕೇಳ್ಲಿಲ್ಲ ಕಣಮ್ಮಿ" ಅಂದರು. "ಕೇಳಿದ್ರೆ ಕಲಿ ಅಂತಿದ್ದೆ."

ಎದುರಿನ ಹಿರಿಯರಲ್ಲಿ ಒಬ್ಬರು ಈಗಲೂ ಏನು ತಡವಾಗಿದೆ ಎಂದು ನಮ್ಮಿಬ್ಬರನ್ನೂ ನೋಡಿ ಹೇಳಿದರು. ನನಗೆ ನಾಚಿಕೆಯಾಗಿ ಸೆರಗು ಸರಿಮಾಡಿಕೊಂಡೆ. ನಮ್ಮನೆಯವರು ಮಾತ್ರ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು, ಮರುವಾರವೇ ರಾಮನಗರದಲ್ಲಿ ಸಂಗೀತ ಹೇಳಿಕೊಡುವ ಒಬ್ಬ ಟೀಚರನ್ನು ವಿಚಾರಿಸಿಕೊಂಡು ಬಂದರು. ಈಗ ನಾನು ಗ್ರಂಥಾಲಯ ಮುಗಿಸಿ ಅಲ್ಲಿಗೆ ಹೋಗುತ್ತೇನೆ. ನನ್ನ ಜೊತೆಯವರೆಲ್ಲ ಪ್ರೈಮರಿ ಸ್ಕೂಲಿನ ಮಕ್ಕಳು. ಅವರು ನನ್ನನ್ನು ಆಂಟಿ ಎಂದು ಕರೆದು, ನಾನು ತಾಳ ತಪ್ಪಿದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. ಜನ ನಗುತ್ತಾರೆ ಎಂದು ಹೆದರಿದ್ದು ಸುಳ್ಳಾಗಲಿಲ್ಲ. ಆದರೆ ಅದು ಅಂಥ ಕೆಟ್ಟ ಸಂಗತಿಯೇನಲ್ಲ ಎಂದು ಈಗ ತಿಳಿದಿದೆ.

ಬೆಂಗಳೂರಿನ ಆಯ್ಕೆ ಆ ರೈಲಿನ ದಿನದಿಂದ ಬದಲಾಯಿತು. ನಿನ್ನ ಹಾಡು, ನನ್ನ ಹಾಡು ಎನ್ನುವ ಜಗಳ ಹೋಯಿತು. ವಾದ್ಯ ಯಾವುದು, ಕೋಣೆ ಎಷ್ಟು ದೊಡ್ಡದು, ಮೈಕು ಇದೆಯೋ ಇಲ್ಲವೋ ಎಂದು ಕೇಳತೊಡಗಿದೆವು. ಸಂಘಟಕರಿಗೆ ಫೋನು ಮಾಡಿ, ನಿಮ್ಮ ಹಾಲಿನಲ್ಲಿ ಎ.ಸಿ. ಸದ್ದು ಜೋರೇ ಎಂದು ಕೇಳಿದ್ದೇನೆ. ಆ ಕಡೆಯವರು ಏನಂದಿರಿ ಎಂದು ಇನ್ನೊಂದು ಸಲ ಕೇಳುತ್ತಾರೆ. ಕೊಳಲು ನಮ್ಮ ಪಾಲಿಗೆ ಮುಗಿದಿತ್ತು, ಅದು ಅವರಿಗೆ ಬರೀ ಊದುವ ಮನುಷ್ಯ. ಒಂದು ಬೆಳಿಗ್ಗೆ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿಗೆ ಹೋದೆವು. ಅಲ್ಲಿ ಒಂದು ದೊಡ್ಡ ಹಿತ್ತಾಳೆ ವಾದ್ಯ ಹೆಗಲಿಗೆ ಸುತ್ತಿಕೊಂಡವನ ದನಿ ಅವರಿಗೆ ಚೆನ್ನಾಗಿ ಸಿಕ್ಕಿತು. ಉಳಿದದ್ದನ್ನು ಮರಗಳೂ ಆಕಾಶವೂ ನುಂಗಿಬಿಟ್ಟವು. ಆದರೂ ಕಡಲೆಕಾಯಿ ತಿನ್ನುತ್ತ ಕೂತಿದ್ದ ಆ ಬೆಳಿಗ್ಗೆ ನಮ್ಮಿಬ್ಬರಿಗೂ ಇಷ್ಟವಾಯಿತು.

ಆಮೇಲೆ ಸಿಕ್ಕಿದ್ದು ಜಯನಗರದ ಒಂದು ಮನೆ. ಅಲ್ಲಿ ಒಬ್ಬ ಹಿರಿಯ ಹೆಂಗಸು ತಮ್ಮ ಮಹಡಿಯ ಹಜಾರದಲ್ಲಿ ಆಗಾಗ ಕಚೇರಿ ಇಡಿಸುತ್ತಾರೆ. ಚಾಪೆ ಹಾಸಿರುತ್ತದೆ, ಮೈಕು ಇರುವುದಿಲ್ಲ. ಅವತ್ತು ವೀಣೆ ಇತ್ತು. ನಾನು ಫೋನಿನಲ್ಲಿ ಮೊದಲೇ ಹೇಳಿದ್ದರಿಂದ ಆಕೆ ಫ್ಯಾನು ನಿಲ್ಲಿಸಿ, ನಮ್ಮನ್ನು ವೀಣೆಗೆ ಹತ್ತಿರ ಕೂರಿಸಿ, ನೆಂಟರನ್ನು ಉಪಚರಿಸುವ ಹಾಗೆ ನೀರು ತಂದುಕೊಟ್ಟರು. ನುಡಿಸುವವರು ಮೊದಲು ಬಹಳ ಹೊತ್ತು ಕೆಳಗಿನ ಸ್ಥಾಯಿಯಲ್ಲೇ, ದಪ್ಪ ತಂತಿಯ ಮೇಲೇ ಇದ್ದರು. ನಮ್ಮನೆಯವರು ಮುಂದಕ್ಕೆ ಬಾಗಿದರು. ಅವರಿಗೆ ಅದು ಕೇಳುತ್ತಿದೆ ಎಂದು ಹೇಳಿಸಿಕೊಳ್ಳದೆಯೇ ಗೊತ್ತಾಯಿತು. ಕಿವಿ ನೋಯಿಸದೆ, ಪೂರ್ತಿಯಾಗಿ, ಎದುರಿಗೆ ಕೂತು ಕೇಳುತ್ತಿದೆ. ನುಡಿಸುವವರು ಮೇಲಿನ ಸ್ವರಗಳಿಗೆ ಹೋದಾಗ ನಮ್ಮನೆಯವರ ಮುಖದಿಂದ ಆ ತನ್ಮಯತೆ ಜಾರಿತು. ಸ್ವಲ್ಪ ಹೊತ್ತು ಕಾದು ವೀಣೆಯಿಂದ ಕಣ್ಣು ತೆಗೆದು ನನ್ನ ಮಡಿಲ ಕಡೆ ನೋಡಿದರು. ಅಲ್ಲಿ ನನ್ನ ಬಲಗೈ ತನ್ನ ಪಾಡಿಗೆ ತಾನು ರಾಗದ ಜೊತೆ ಏಳುತ್ತಿತ್ತು, ತಿರುಗುತ್ತಿತ್ತು, ಎಲ್ಲೋ ನಿಂತು ನಡುಗಿ ಮತ್ತೆ ಇಳಿಯುತ್ತಿತ್ತು. ಮಾಗಡಿಯ ಜಗುಲಿಯಲ್ಲಿ ಅಂಟಿದ ಅಭ್ಯಾಸ ಇರಬೇಕು, ನನಗೆ ಗೊತ್ತೇ ಇರಲಿಲ್ಲ. ವೀಣೆ ಮತ್ತೆ ಕೆಳಗಿಳಿಯುವವರೆಗೂ ಅವರು ನನ್ನ ಕೈಯನ್ನೇ ನೋಡುತ್ತ ಕೂತಿದ್ದರು. ಮೆಟ್ಟಿಲಿಳಿಯುವಾಗ, "ನಿನ್ ಕೈ ನೋಡ್ತಿದ್ರೆ ಅದು ಎಲ್ಲಿಗೋಯ್ತು ಅಂತ ಗೊತ್ತಾಯ್ತದೆ" ಅಂದರು.

ಅದಾಗಿ ಒಂದು ವರ್ಷ ದಾಟಿತು. ಗೆರೆ ಇನ್ನೂ ಇಳಿದಿದೆ. ಈಗ ಯಂತ್ರ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ, ಕಾರ್ಖಾನೆಯಲ್ಲಿ ಮಾತು ಕೇಳುತ್ತದೆ. ಕಚೇರಿಯಲ್ಲಿ ಮಾತ್ರ ಪಿಟೀಲು ತಗಡು ಕೆರೆದ ಹಾಗಾಗುತ್ತದೆ ಎಂದು ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಮೃದಂಗದ ಎಡಬದಿಯ ದಪ್ಪ ಸದ್ದು, ವೀಣೆಯ ದಪ್ಪ ತಂತಿ, ಗಂಡಸಿನ ಕೆಳದನಿ ಇಷ್ಟು ಉಳಿದಿವೆ. ಹಾಗಂತ ಹೋಗುವುದನ್ನು ನಿಲ್ಲಿಸಿಲ್ಲ. ಈ ಸಲದ ಆಯ್ಕೆ ಅವರದ್ದೇ. ಅದೇ ಬಸವನಗುಡಿಯ ಸಭೆ, ಅದೇ ಗಾಯಕಿ. ಏನೂ ಕೇಳುವುದಿಲ್ಲ, ಸುಮ್ಮನೆ ಯಾಕೆ ಎಂದು ನಾನು ಬೇಡವೆಂದೆ. ನಿನಗೆ ಕೇಳುತ್ತದಲ್ಲ ಎಂದು ಹೊರಡಿಸಿದರು.

ಸಭಾಂಗಣ ತುಂಬಿತ್ತು. ಮೂರನೆಯ ಸಾಲು ಸಿಕ್ಕಿತು. ಆಕೆ ಒಂದು ದೊಡ್ಡ ರಾಗ ಎತ್ತಿಕೊಂಡು, ಮೆಲ್ಲಗೆ ಬಿಡಿಸುತ್ತ ಬಿಡಿಸುತ್ತ ಮೇಲಕ್ಕೆ ಹತ್ತತೊಡಗಿದರು. ನಮ್ಮನೆಯವರು ವೇದಿಕೆಯ ಕಡೆ ನೋಡುವುದನ್ನು ಬಿಟ್ಟು ನನ್ನ ಕೈಯನ್ನು ನೋಡುತ್ತಿದ್ದರು. ಪಕ್ಕದ ಸೀಟಿನ ಹೆಂಗಸಿಗೆ ನನ್ನ ಕೈಯ ಆಟ ಕಿರಿಕಿರಿಯಾಗಿರಬೇಕು. ಎರಡು ಸಲ ತಿರುಗಿ ನೋಡಿದರು, ಮೂರನೆಯ ಸಲ ಗಂಟಲು ಸರಿಮಾಡಿಕೊಂಡರು. ನನಗೆ ಮುಜುಗರವಾಯಿತು. ಕೈಯನ್ನು ಸೆರಗಿನ ಕೆಳಗೆ ಸೇರಿಸಿಕೊಂಡು ಕೂತೆ. ಗಾಯಕಿ ಮೇಲಿನ ಷಡ್ಜ ಮುಟ್ಟುವ ಹೊತ್ತು, ಸಭೆಯೆಲ್ಲ ಉಸಿರು ಹಿಡಿದಿತ್ತು.

ನಮ್ಮ ಚನ್ನಪಟ್ಟಣದ ಬೀದಿಯಲ್ಲಿ ನನ್ನ ಪಕ್ಕದಲ್ಲಿ ನಡೆಯಲೂ ಸಂಕೋಚಪಡುವ ಮನುಷ್ಯ ಅವರು. ಅಷ್ಟು ಜನರ ನಡುವೆ ನನ್ನ ಸೆರಗಿನ ಕೆಳಗಿನಿಂದ ಕೈಯನ್ನು ಎಳೆದು ತೆಗೆದು, ತಮ್ಮ ತೊಡೆಯ ಮೇಲೆ ಅಂಗೈ ಹಾಸಿ, ಅದರ ಮೇಲೆ ಇಟ್ಟುಕೊಂಡರು. ಕಿವಿ ಮಂದವಾದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಪಿಸುಮಾತು ಎಂದುಕೊಂಡೇ ಹೇಳಿದರು, ಆದರೆ ಅದು ಹಿಂದಿನ ಸಾಲಿನವರೆಗೂ ಕೇಳಿತು.

"ನಿಲ್ಲಿಸ್ಬ್ಯಾಡ ಕಣಮ್ಮಿ. ಆವಮ್ಮ ಇನ್ನೂ ಹಾಡ್ತಾವ್ಳೆ."

ಒಂದೆರಡು ಕಡೆ ನಗು ಕೇಳಿತು. ಗಾಯಕಿ ಕಣ್ಣು ತೆರೆದು ನಮ್ಮ ಕಡೆ ನೋಡಿದರು, ಷಡ್ಜವನ್ನು ಮಾತ್ರ ಬಿಡಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು, ನಮ್ಮನೆಯವರ ಅಂಗೈಯ ಮೇಲೆ ಕೈ ಎತ್ತಿ ಆ ಸ್ವರವನ್ನು ಹಿಡಿದು ನಿಲ್ಲಿಸಿದೆ. ಆಕೆ ಇಳಿಯುವವರೆಗೂ ಕೈ ಇಳಿಸಲಿಲ್ಲ.